ಬಾಲ ನೋಡಿ ಕಾಡುನಾಯಿ ಗುರುತಿಸಿದ್ದು: ಜುಲುಲ್ಯಾಂಡ್‌ನಲ್ಲಿ ನನ್ನ ಅನುಭವ

ದಕ್ಷಿಣ ಆಫ್ರಿಕದ ಕ್ವಾಜುಲು-ನಟಾಲ್ ಪ್ರಾಂತದ ಜುಲುಲ್ಯಾಂಡ್‌ನಲ್ಲಿ, ಬೇಲಿ ಸುತ್ತಿದ ಮೀಸಲು ಅರಣ್ಯವೊಂದಕ್ಕೆ ಆಫ್ರಿಕದ ಕಾಡುನಾಯಿಗಳನ್ನು ಒಂದೊಂದಾಗಿ ಗುರುತಿಸುವ ಕೆಲಸದ ಸ್ವಯಂಸೇವಕನಾಗಿ ಹೋಗಿದ್ದೆ. ಒಂದೇ ನಾಯಿಯ ಎರಡು ಪಕ್ಕೆಗಳ ಮಚ್ಚೆಗಳೂ ಬೇರೆಬೇರೆ; ಅದರ ಎಡ ಪಕ್ಕೆಯ ಚಿತ್ರವನ್ನೂ ಬಲ ಪಕ್ಕೆಯ ಚಿತ್ರವನ್ನೂ ಬಾಲದ ಮೂಲಕ ಜೋಡಿಸಬಹುದೆಂದು ನಾನು ಹೇಳಿದಾಗ ಶಿಬಿರದ ಹಿರಿಯರು ನಕ್ಕಿದ್ದರು. ಈಗ ಅಲ್ಲಿನ ಕಡತದಲ್ಲಿ ಪ್ರತಿ ನಾಯಿಯ ಬಾಲಕ್ಕೂ ಪ್ರತ್ಯೇಕ ಪುಟವಿದೆ.

ನಾಗರಹೊಳೆಯಂಥ ಕಡೆ ಹುಲಿಗಣತಿಗೆ ಕ್ಯಾಮೆರಾ ಕಟ್ಟಿದವರಿಗೆ ಈ ತೊಡಕು ಗೊತ್ತು. ಹುಲಿ ಒಂಟಿಯಾಗಿ ನಡೆಯುವುದರಿಂದ ಎದುರುಬದುರು ಎರಡು ಕ್ಯಾಮೆರಾ ಇಟ್ಟರೆ ಎರಡೂ ಪಕ್ಕೆ ಸಿಗುತ್ತವೆ; ಕಾಡುನಾಯಿಗಳು ಗುಂಪಾಗಿ ಓಡುವಾಗ ಒಂದಕ್ಕೊಂದು ಅಡ್ಡವಾಗಿ, ಯಾವ ಎಡಕ್ಕೆ ಯಾವ ಬಲವೆಂಬುದೇ ತಿಳಿಯುವುದಿಲ್ಲ. ಆದರೂ ನಮ್ಮ ಸೀಳುನಾಯಿಗಳಂತೆ ಎಲ್ಲವೂ ಒಂದೇ ಕೆಂಬಣ್ಣದವಲ್ಲ ಎಂಬುದೇ ಪುಣ್ಯ.

ಮೊದಲು ನೀರಿನ ತಾಣಗಳಲ್ಲಿಟ್ಟ ಕ್ಯಾಮೆರಾಗಳಲ್ಲಿ ಕೆಲವನ್ನು ಆನೆಗಳು ಕಿತ್ತೆಸೆದವು, ಕೆಲವುಗಳ ಪಟ್ಟಿಯನ್ನು ಕತ್ತೆಕಿರುಬಗಳು ಅಗಿದವು, ಉಳಿದವು ಗಾಳಿಗೆ ಅಲುಗುವ ಹುಲ್ಲಿನ ಸಾವಿರಾರು ಚಿತ್ರ ತೆಗೆದು ಬ್ಯಾಟರಿ ಮುಗಿಸಿದವು. ಶುಲ್ಕ, ವಿಮಾನ, ವೀಸಾ, ವಿಮೆ ಎಲ್ಲ ಸೇರಿ ಸುಮಾರು ಮೂರು ಲಕ್ಷ ರೂಪಾಯಿ ಸುರಿದು ಬಂದವನಿಗೆ ಹುಲ್ಲಿನ ಚಿತ್ರಗಳು ನುಂಗಲಾರದ ತುತ್ತಾಗಿದ್ದವು. ಆಮೇಲೆ ರೇಡಿಯೊ ಕಾಲರ್‌ನ ಸದ್ದು ಹಿಡಿದು, ಮುಂಜಾವ ಮತ್ತು ಸಂಜೆ ಜೀಪಿನಿಂದಲೇ ಚಿತ್ರ ತೆಗೆಯತೊಡಗಿದೆವು. ಐಎಸ್ಒ, ಅಂದರೆ ಕ್ಯಾಮೆರಾ ಬೆಳಕು ಹಿಡಿಯುವ ಸೂಕ್ಷ್ಮತೆ, 6400ಕ್ಕೆ ಏರಿದರೂ ಸರಿ, ಶಟರ್ ವೇಗ ಮಾತ್ರ 1/500 ಸೆಕೆಂಡಿಗಿಂತ ಇಳಿಯಬಾರದು. ಚಿತ್ರ ಒರಟಾದರೂ ಮಚ್ಚೆ ಕಾಣುತ್ತದೆ, ಅಲುಗಿದರೆ ಕಾಣುವುದಿಲ್ಲ.

ಬುಡದಲ್ಲಿ ಕಂದು, ನಡುವೆ ಕಪ್ಪು, ತುದಿಯಲ್ಲಿ ಬಿಳಿ ಇರುವ ಈ ಬಾಲದಲ್ಲಿ ಬಣ್ಣಗಳ ಉದ್ದವೂ ಅಂಚೂ ನಾಯಿಯಿಂದ ನಾಯಿಗೆ ಬೇರೆಯಾಗಿರುತ್ತವೆ, ಮತ್ತು ಅದು ಎರಡೂ ಕಡೆಯಿಂದ ಕಾಣುತ್ತದೆ. ಕಿವಿಯ ಹರಕು ಅದಕ್ಕೆ ಎರಡನೆಯ ಸಾಕ್ಷಿ. ತೀರಾ ಒಂದೇ ತೆರನಾದ ಎರಡು ಬಾಲಗಳನ್ನು ಬೇರ್ಪಡಿಸಲು ನಾನು ಮೊದಲು ಏನು ನೋಡುತ್ತೇನೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಪ್ರಾಯಕ್ಕೆ ಬಂದ ನಾಯಿಗಳು ಗಂಡುಗಳೇ ಬೇರೆ, ಹೆಣ್ಣುಗಳೇ ಬೇರೆಯಾಗಿ ಹುಟ್ಟಿದ ಗುಂಪನ್ನು ಬಿಡುತ್ತವೆ; ಬೇಲಿ ದಾಟಲಾಗದ ಕಡೆ ಮನುಷ್ಯರೇ ಅವುಗಳನ್ನು ಹಿಡಿದು, ಸಂಬಂಧವಿಲ್ಲದ ಗಂಡುಹೆಣ್ಣುಗಳನ್ನು ಬೋಮಾ ಎಂಬ ಆವರಣದಲ್ಲಿ ಕೂಡಿಸಿ, ಬೇರೆ ಅರಣ್ಯಕ್ಕೆ ಸಾಗಿಸುತ್ತಾರೆ. ಬೇಲಿಯ ಬಳಿ ಕಾಣಿಸಿಕೊಂಡ ಗಂಡುಗಳ ಎಡ ಪಕ್ಕೆಯಷ್ಟೇ ನಮಗೆ ಸಿಕ್ಕಿತ್ತು, ಹಳೆಯ ಕಡತದಲ್ಲಿದ್ದುದು ಬಲ ಪಕ್ಕೆ ಮಾತ್ರ. ಬಾಲಗಳನ್ನು ಹೊಂದಿಸಿದಾಗ, ಅವುಗಳಿಗೆಂದು ಬೋಮಾದಲ್ಲಿ ಕಾದಿರಿಸಿದ್ದ ಹೆಣ್ಣುಗಳೂ ಆ ಗಂಡುಗಳು ಹುಟ್ಟಿದ ಗುಂಪಿನಲ್ಲೇ ಹುಟ್ಟಿದವೆಂದು ಖಚಿತವಾಯಿತು. ಆ ಜೋಡಿಯ ಯೋಜನೆ ಅಲ್ಲಿಗೇ ನಿಂತಿತು, ನಗುವುದೂ ನಿಂತಿತು.

ಇದೇ ಉಪಾಯವನ್ನು ಚುಕ್ಕೆ ಕತ್ತೆಕಿರುಬಗಳ ಮೇಲೂ ಪ್ರಯೋಗಿಸಿ ನೋಡಿದೆ. ಅವುಗಳ ಬಾಲದಲ್ಲಿ ಹಿಡಿಯುವಂಥ ಗುರುತಿಲ್ಲ, ವಯಸ್ಸಾದಂತೆ ಮೈಮೇಲಿನ ಚುಕ್ಕೆಗಳೂ ಮಸುಕಾಗುತ್ತವೆ. ವಾರಗಟ್ಟಲೆ ಕೂತದ್ದು ವ್ಯರ್ಥ. ಕಾಡುನಾಯಿಯ ಮರಿಗಳ ವಿಷಯದಲ್ಲಿ ಮಾತ್ರ ಒಂದು ಎಚ್ಚರ ಬೇಕು: ಅವು ಕಪ್ಪುಬಿಳುಪಾಗಿ ಹುಟ್ಟಿ, ಕಂದು ಬಣ್ಣ ತಡವಾಗಿ ಮೂಡುವುದರಿಂದ, ಅಲ್ಲಿಯವರೆಗೆ ಬಿಳಿ ಮಚ್ಚೆಗಳನ್ನಷ್ಟೇ ಬರೆದುಕೊಂಡು ಬಾಲದ ಪುಟವನ್ನು ಖಾಲಿ ಬಿಡುತ್ತೇವೆ.