ಆಗಮನ ಕಾಲದ ಮೇಣದಬತ್ತಿ ಹಚ್ಚುವ ಮುನ್ನ

ಆಗಮನ ಕಾಲದಲ್ಲಿ, ಅಂದರೆ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ವಾರಗಳಲ್ಲಿ, ಹಸಿರೆಲೆಯ ಮಾಲೆಯ ನಾಲ್ಕು ಮೇಣದಬತ್ತಿಗಳನ್ನು ಭಾನುವಾರಕ್ಕೊಂದು ಹೆಚ್ಚಿಸುತ್ತ ಹಚ್ಚುವ ಮುನ್ನ ಕೋಣೆಯ ಟ್ಯೂಬ್‌ಲೈಟನ್ನೂ ಫ್ಯಾನನ್ನೂ ಆರಿಸಿ, ಬತ್ತಿಯ ಬೆಳಕೊಂದರಲ್ಲೇ ಬೈಬಲಿನ ಯೆಶಾಯನ ಗ್ರಂಥದ 9ನೇ ಅಧ್ಯಾಯದ ಮೊದಲ ಕೆಲವು ವಚನಗಳನ್ನು ಓದಿ. ಟ್ಯೂಬ್‌ಲೈಟಿನಡಿ ಒಂದು ಬತ್ತಿ ಉರಿದರೂ ನಾಲ್ಕು ಉರಿದರೂ ವ್ಯತ್ಯಾಸ ತಿಳಿಯುವುದಿಲ್ಲ. ಕತ್ತಲಲ್ಲಾದರೆ, ಭರವಸೆಯನ್ನು ಸೂಚಿಸುವ ಒಂದೇ ಬತ್ತಿ ಉರಿಯುವ ಮೊದಲ ವಾರ ಪುಸ್ತಕವನ್ನು ಜ್ವಾಲೆಯ ಹತ್ತಿರಕ್ಕೆ ಒಯ್ಯಬೇಕಾದವರು, ಮೂರನೆಯ ಭಾನುವಾರ ಗುಲಾಬಿ ಬಣ್ಣದ ಬತ್ತಿಯೂ ಸೇರಿದಾಗ ತುಸು ದೂರದಿಂದಲೇ ಅಕ್ಷರ ಗುರುತಿಸಬಲ್ಲರು, ಮಕ್ಕಳಿಗಂತೂ ಬೇರೆ ವಿವರಣೆಯೇ ಬೇಡ. ಮೊದಲ ಬತ್ತಿ ನಾಲ್ಕು ವಾರವೂ ಬಾಳಬೇಕಾದ್ದರಿಂದ ಹತ್ತು ನಿಮಿಷಕ್ಕೇ ಆರಿಸುವುದು ಒಳ್ಳೆಯದು. ಬೀದಿದೀಪದ ಬೆಳಕು ನೇರವಾಗಿ ಒಳಬೀಳುವ ಕೋಣೆಯಲ್ಲಿ ಇದು ಅಷ್ಟಾಗಿ ಫಲಿಸದು. ಮಾಲೆಯ ಎಲೆಗಳು ಒಣಗಿದ್ದರೆ ಅವನ್ನು ಬದಲಿಸದೆ ಹಚ್ಚಲೇಬೇಡಿ.