ಆರ್‌ವಿ ಎಳೆಯುವ ಡೀಸೆಲ್ ಟ್ರಕ್: ಕೊಳ್ಳುವ ಮುನ್ನವೇ ರಿಪೇರಿಯ ಲೆಕ್ಕ ಹಾಕುವುದು ಹೇಗೆ?

ಅಮೆರಿಕದಲ್ಲಿ ಆರ್‌ವಿ ಎಂದು ಕರೆಯುವ ಟ್ರೇಲರ್ ಮನೆಯೊಂದನ್ನು ಕೊಂಡು ಯೆಲ್ಲೋಸ್ಟೋನ್, ಗ್ರ್ಯಾಂಡ್ ಕ್ಯಾನ್ಯನ್ ಸುತ್ತಬೇಕೆಂದು ಹೊರಟವರಿಗೆ ಸಿಗುವ ಮೊದಲ ಸಲಹೆ ಸಾಮಾನ್ಯವಾಗಿ ಒಂದೇ: ‘ಡೀಸೆಲ್ ಟ್ರಕ್ ತೆಗೆದುಕೊಳ್ಳಿ, ಮೂರು ಲಕ್ಷ ಮೈಲಿ ಓಡುತ್ತದೆ.’ ಅಲ್ಲಿ ನೆಲೆಸಿ, ಮಕ್ಕಳ ಬೇಸಿಗೆ ರಜೆಗೆ ಆರ್‌ವಿ ಕೊಳ್ಳುವ ಕನ್ನಡ ಕುಟುಂಬಗಳಿಗೂ ಸಿಗುವುದು ಇದೇ ಮಾತು. ಟ್ರಕ್ ಎಂದರೆ ಇಲ್ಲಿ ಲಾರಿಯಲ್ಲ, ಪಿಕಪ್. ಮಾತಿನಲ್ಲಿ ಸತ್ಯವಿದೆ. ಡೀಸೆಲ್ ಎಂಜಿನ್ನಿನ ಬ್ಲಾಕ್, ಕ್ರ್ಯಾಂಕ್, ಪಿಸ್ಟನ್‌ಗಳು ಭಾರ ಹೊರುವುದಕ್ಕೆಂದೇ ಹುಟ್ಟಿದವು. ಆದರೆ ಗ್ಯಾರೇಜಿನ ದೊಡ್ಡ ಬಿಲ್ಲುಗಳು ಬರುವುದು ಅವುಗಳ ಸುತ್ತ ಜೋಡಿಸಿರುವ ಇಂಧನ ಪಂಪು, ಇಂಧನ ಸಿಂಪಡಿಸುವ ಇಂಜೆಕ್ಟರ್, ಗಾಳಿ ಒತ್ತಿ ತುಂಬುವ ಟರ್ಬೊ, ಹೊಗೆ ಶುದ್ಧೀಕರಣ ವ್ಯವಸ್ಥೆ ಮತ್ತು ಗೇರ್‌ಬಾಕ್ಸ್‌ಗಳಿಂದ. ಹಾಗಾಗಿ ‘ಯಾವ ಕಂಪನಿ ಒಳ್ಳೆಯದು’ ಎಂದು ಕೇಳುವ ಮೊದಲು ಎಷ್ಟು ತೂಕ, ಯಾವ ವರ್ಷದ ಎಂಜಿನ್, ವರ್ಷಕ್ಕೆ ಎಷ್ಟು ಓಡಾಟ ಎಂಬ ಮೂರನ್ನು ತಿಳಿದುಕೊಳ್ಳಬೇಕು.

1. ಟ್ರಕ್ಕಿಗಿಂತ ಮೊದಲು ಟ್ರೇಲರ್ ತೂಗಿ

ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಎಳೆಯುವ ಸಾಮರ್ಥ್ಯ. ಆದರೆ ಆರ್‌ವಿ ವಿಷಯದಲ್ಲಿ ಮೊದಲು ಮುಗಿದುಹೋಗುವುದು ಹೊರುವ ಸಾಮರ್ಥ್ಯ, ಅಂದರೆ ಪೇಲೋಡ್. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಜನ ಮತ್ತು ಸಾಮಾನು ಸೇರಿ ಎಷ್ಟು ಪೌಂಡ್ ಮೀರಬಾರದು ಎಂದು ಅದರಲ್ಲಿ ಬರೆದಿರುತ್ತದೆ. ನಿಮ್ಮ ಟ್ರಕ್ಕಿನ ನಿಜವಾದ ಅಂಕಿ ಅದೇ; ಕರಪತ್ರದಲ್ಲಿರುವುದು ಆ ಮಾದರಿಯ ಅತಿ ಹಗುರ ಟ್ರಕ್ಕಿನ ಅಂಕಿ.

ಬಂಪರಿನ ಹಿಂದೆ ಕಟ್ಟುವ ಟ್ರಾವೆಲ್ ಟ್ರೇಲರ್ ತನ್ನ ತೂಕದ ಶೇ 10ರಿಂದ 15ರಷ್ಟನ್ನು ಟ್ರಕ್ಕಿನ ಮೇಲೆ ಹೇರುತ್ತದೆ. ಟ್ರಕ್ಕಿನ ಹಿಂಬದಿಯ ತೊಟ್ಟಿಯೊಳಗೆ ಕೂರುವ ಫಿಫ್ತ್ ವೀಲ್ ಹೇರುವುದು ಸುಮಾರು ಶೇ 20. ಸಾಮಾನು ತುಂಬಿದ ಫಿಫ್ತ್ ವೀಲ್ 14,000 ಪೌಂಡ್ ತೂಗುತ್ತದೆ ಎನ್ನಿ. ಪಿನ್ ತೂಕವೇ, ಅಂದರೆ ಟ್ರಕ್ಕಿನ ಮೇಲೆ ಬೀಳುವ ಭಾರವೇ, 2,800 ಪೌಂಡ್ ಆಯಿತು. ಟ್ರೇಲರ್ ಜೋಡಿಸುವ ಹಿಚ್ಚಿಗೆ 200, ನಾಲ್ಕು ಜನರಿಗೆ 600 ಸೇರಿಸಿದರೆ 3,600. ಮುಕ್ಕಾಲು ಟನ್ ವರ್ಗದ, ಅಂದರೆ ಎಫ್-250 ಅಥವಾ 2500 ಎಂಬ ಹೆಸರಿನ ಅನೇಕ ಡೀಸೆಲ್ ಟ್ರಕ್‌ಗಳ ಸ್ಟಿಕ್ಕರ್‌ನಲ್ಲಿ 2,000 ಪೌಂಡ್ ಆಸುಪಾಸಿನ ಅಂಕಿಯಷ್ಟೇ ಇರುತ್ತದೆ. ಡೀಸೆಲ್ ಎಂಜಿನ್ನಿನ ಭಾರವೇ ಪೇಲೋಡಿನ ಒಂದು ಪಾಲನ್ನು ತಿಂದುಹಾಕಿರುತ್ತದೆ. ಇಂಥ ಟ್ರೇಲರಿಗೆ 3500, ಅಂದರೆ ಒಂದು ಟನ್ ವರ್ಗದ ಟ್ರಕ್ಕೇ ಬೇಕು. ಮಿತಿ ಮೀರಿ ಹೊರಿಸಿದ ಟ್ರಕ್ಕಿನಲ್ಲಿ ಹಿಂಬದಿಯ ಆಕ್ಸಲ್, ಬೇರಿಂಗ್, ಟೈರ್, ಬ್ರೇಕ್, ಗೇರ್‌ಬಾಕ್ಸ್ ಎಲ್ಲವೂ ಆಯುಸ್ಸು ಕಳೆದುಕೊಳ್ಳುತ್ತವೆ.

ಅಂದಾಜಿನ ಮೇಲೆ ನಂಬಿಕೆ ಬೇಡ. ಹೆದ್ದಾರಿಯ ಟ್ರಕ್ ನಿಲ್ದಾಣಗಳಲ್ಲಿ ‘ಕ್ಯಾಟ್ ಸ್ಕೇಲ್’ ಎಂಬ ತೂಕದ ಸೇತುವೆಗಳಿವೆ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್ ಮೂರನ್ನೂ ಬೇರೆ ಬೇರೆಯಾಗಿ ತೂಗಿ ಚೀಟಿ ಕೊಡುತ್ತವೆ. ಇಡೀ ಲೆಕ್ಕದಲ್ಲಿ ಇದರಷ್ಟು ಅಗ್ಗದ, ಇದರಷ್ಟು ಉಪಯುಕ್ತ ಖರ್ಚು ಇನ್ನೊಂದಿಲ್ಲ.

2. ಡೀಸೆಲ್ ನಿಜಕ್ಕೂ ಬೇಕೇ?

ಹೊಸ ಟ್ರಕ್ಕಿನಲ್ಲಿ ಡೀಸೆಲ್ ಎಂಜಿನ್ ಆರಿಸಿಕೊಂಡರೆ ಸುಮಾರು 10,000 ಡಾಲರ್ ಹೆಚ್ಚು ತೆರಬೇಕು. ಎಂಟು ಸಾವಿರ ಪೌಂಡಿನ ಟ್ರೇಲರನ್ನು ವರ್ಷದಲ್ಲಿ ಎರಡು ಮೂರು ವಾರ ಎಳೆದು, ಉಳಿದ ದಿನ ಆಫೀಸು, ಅಂಗಡಿ, ಮಕ್ಕಳ ಶಾಲೆಗೆ ಓಡಿಸುವವರು ಪೆಟ್ರೋಲ್ ಎಂಜಿನ್ ಕೊಳ್ಳುವುದೇ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. 2020ರಲ್ಲಿ ಬಂದ ಫೋರ್ಡ್‌ನ 7.3 ಲೀಟರ್ ವಿ8, ಅದೇ ವರ್ಷದ ಜಿಎಂನ 6.6 ಲೀಟರ್ ಪೆಟ್ರೋಲ್ ಎಂಜಿನ್‌ಗಳು ಇಂಥ ಕೆಲಸಕ್ಕೆ ಸಾಕು. ಅವುಗಳಲ್ಲಿ ಟರ್ಬೊ ಇಲ್ಲ, ಹೊಗೆಗೆ ಯೂರಿಯಾ ಸಿಂಪಡಿಸುವ ವ್ಯವಸ್ಥೆಯೂ ಇಲ್ಲ.

ಹತ್ತು ಸಾವಿರ ಪೌಂಡ್ ದಾಟಿದ ಟ್ರೇಲರ್, ರಾಕಿ ಪರ್ವತಗಳ ಏರಿಳಿತ, ವರ್ಷಕ್ಕೆ ಸಾವಿರಾರು ಮೈಲಿ ಎಳೆತ ಇದ್ದರೆ ಡೀಸೆಲ್ಲಿಗೆ ಕೊಟ್ಟ ಹಣ ವ್ಯರ್ಥವಾಗದು. ಕೊಲರಾಡೊದ ಐ-70 ಹೆದ್ದಾರಿ ಐಸೆನ್‌ಹೋವರ್ ಸುರಂಗದ ಬಳಿ 11,158 ಅಡಿ ಎತ್ತರಕ್ಕೆ ಏರುತ್ತದೆ. ಅಲ್ಲಿನ ತೆಳುಗಾಳಿಯಲ್ಲಿ ಟರ್ಬೊ ಇಲ್ಲದ ಎಂಜಿನ್ ಸೊರಗುತ್ತದೆ. ಇಳಿಯುವಾಗ ಹೊಗೆಯ ದಾರಿ ಬಿಗಿದು ಎಂಜಿನ್ನಿನಿಂದಲೇ ವೇಗ ತಗ್ಗಿಸುವ ಡೀಸೆಲ್ಲಿನ ಎಕ್ಸಾಸ್ಟ್ ಬ್ರೇಕ್ ಟ್ರಕ್ಕನ್ನು ಹಿಡಿದಿಡುತ್ತದೆ. ಚಕ್ರದ ಬ್ರೇಕುಗಳು ಅತಿಯಾಗಿ ಬಿಸಿಯಾಗುವುದಿಲ್ಲ. ಆ ಇಳಿಜಾರಿನಲ್ಲಿ ಕುಟುಂಬವನ್ನು ಕೂರಿಸಿಕೊಂಡವರಿಗೆ ಈ ನೆಮ್ಮದಿಯ ಬೆಲೆ ಗೊತ್ತಿರುತ್ತದೆ.

3. ಎಂಜಿನ್ನಿನ ಹುಟ್ಟಿದ ವರ್ಷ ಕೇಳಿ

ಮಾರುಕಟ್ಟೆಯಲ್ಲಿ ಮೂರೇ ಬಳಗ: ರ‍್ಯಾಮ್ ಟ್ರಕ್ಕಿನ ಕಮಿನ್ಸ್, ಫೋರ್ಡ್‌ನ ಪವರ್‌ಸ್ಟ್ರೋಕ್, ಷೆವ್ರೊಲೆ ಮತ್ತು ಜಿಎಂಸಿಯ ಡ್ಯೂರಾಮ್ಯಾಕ್ಸ್. ಎಲ್ಲ ಕೈಗೂ ಒಂದೇ ಅಳತೆಯ ಬಳೆ ತೊಡಿಸಲು ಹೊರಟ ಮಾರಾಟಗಾರರ ಮಾತಿಗೆ ಇಲ್ಲಿ ಬೆಲೆಯಿಲ್ಲ. ಒಂದೇ ಹೆಸರಿನಡಿ ಚಿನ್ನದಂಥ ವರ್ಷಗಳೂ ಇವೆ, ಮನೆ ಮುಳುಗಿಸುವ ವರ್ಷಗಳೂ ಇವೆ.

ಕಮಿನ್ಸ್ 5.9 ಲೀಟರಿನ ಆರು ಸಿಲಿಂಡರ್ ಎಂಜಿನ್ 1989ರಲ್ಲಿ ಡಾಡ್ಜ್ ಟ್ರಕ್ಕಿಗೆ ಬಂತು. 1998ರವರೆಗಿನ 12 ವಾಲ್ವ್ ಎಂಜಿನ್ ತನ್ನ ಸರಳತೆಗೆ ಹೆಸರಾದದ್ದು. ಅದರ ಮುಂಭಾಗದಲ್ಲಿರುವ ಡೋವೆಲ್ ಪಿನ್ ಎಂಬ ಒಂದು ಪುಟ್ಟ ಲೋಹದ ಕಡ್ಡಿ ಸಡಿಲವಾಗಿ ಗೇರುಗಳ ನಡುವೆ ಬೀಳುವ ಅಪಾಯವಿರುವುದರಿಂದ ಅದನ್ನು ಭದ್ರಪಡಿಸಿದ್ದಾರೆಯೇ ಎಂದು ಕೇಳಿ. ನಂತರದ 24 ವಾಲ್ವ್ ಎಂಜಿನ್‌ನಲ್ಲಿ, 2002ರವರೆಗೆ, ವಿಪಿ44 ಎಂಬ ಇಂಧನ ಪಂಪು ಕೈಕೊಡುತ್ತಿತ್ತು. 2007ರ ಮಧ್ಯದಿಂದ ಬಂದ 6.7 ಲೀಟರ್ ಕಮಿನ್ಸ್‌ನಲ್ಲಿ ಗಾಳಿ ಬಿಸಿಮಾಡುವ ಗ್ರಿಡ್ ಹೀಟರಿನ ಬೋಲ್ಟು ಸುಟ್ಟು ಕಳಚಿ ಸಿಲಿಂಡರಿನೊಳಗೆ ಬೀಳಬಹುದು. ಮೊದಲೇ ಬದಲಿಸಿದರೆ ಕೆಲವು ನೂರು ಡಾಲರ್. ಬಿದ್ದ ಮೇಲೆ ಎಂಜಿನ್ನೇ ಹೋಗುತ್ತದೆ.

ಫೋರ್ಡ್‌ನಲ್ಲಿ 2003ರವರೆಗಿನ 7.3 ಲೀಟರ್ ಪವರ್‌ಸ್ಟ್ರೋಕ್ ಗಟ್ಟಿಮುಟ್ಟು. ಅದರ ಜಾಗಕ್ಕೆ ಬಂದ 6.0 ಲೀಟರ್ ಎಂಜಿನ್, 2003ರಿಂದ 2007ರವರೆಗಿನದು, ಅಗ್ಗದ ಬೆಲೆಗೆ ಸಿಗುತ್ತದೆ ಎಂದು ಮರುಳಾಗಬೇಡಿ. ಆಯಿಲ್ ಕೂಲರ್ ಕಟ್ಟಿಕೊಳ್ಳುತ್ತದೆ, ಎಂಜಿನ್ನಿಗೆ ಮರಳಿ ಬಿಡುವ ಹೊಗೆಯನ್ನು ತಣಿಸುವ ಇಜಿಆರ್ ಕೂಲರಿಗೆ ಕೂಲಂಟ್ ಸಾಲದೆ ಅದು ಸೀಳುತ್ತದೆ, ಕೊನೆಗೆ ಸಿಲಿಂಡರುಗಳ ಮೇಲ್ಮುಚ್ಚಳವಾದ ಹೆಡ್ಡಿನ ಕೆಳಗಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗುತ್ತದೆ. ಹೆಡ್ಡನ್ನು ಬಿಗಿಹಿಡಿಯಲು ಪ್ರತಿ ಸಿಲಿಂಡರಿನ ಸುತ್ತ ನಾಲ್ಕೇ ಬೋಲ್ಟುಗಳಿರುವುದು ಇದಕ್ಕೊಂದು ಕಾರಣ. ಇದನ್ನೂ ಇದರ ನಂತರದ 6.4 ಲೀಟರ್ ಎಂಜಿನ್ನನ್ನೂ ರಿಪೇರಿ ಮಾಡುವಾಗ ಎಷ್ಟೋ ಗ್ಯಾರೇಜುಗಳು ಕ್ಯಾಬಿನ್ನನ್ನೇ ಚಾಸಿಯಿಂದ ಮೇಲೆತ್ತುತ್ತವೆ. ಗಂಟೆಗೆ 150ರಿಂದ 250 ಡಾಲರ್ ಕೂಲಿ ಇರುವ ದೇಶದಲ್ಲಿ ಇದರ ಅರ್ಥವೇನೆಂದು ಊಹಿಸಿಕೊಳ್ಳಿ. 2011ರಿಂದ ಫೋರ್ಡ್ ತಾನೇ ತಯಾರಿಸಿದ 6.7 ಬಹಳ ಮೇಲು.

ಡ್ಯೂರಾಮ್ಯಾಕ್ಸ್‌ನಲ್ಲಿ 2001ರಿಂದ 2004ರವರೆಗಿನ ಎಲ್‌ಬಿ7 ಎಂಬ ಮಾದರಿಯ ಇಂಜೆಕ್ಟರ್‌ಗಳು ಸೋರುತ್ತಿದ್ದವು. ಜಿಎಂ ಅವುಗಳಿಗೆ ಏಳು ವರ್ಷ ಅಥವಾ 2,00,000 ಮೈಲಿಯ ವಿಶೇಷ ರಕ್ಷಣೆ ಕೊಟ್ಟಿತ್ತು. ಆ ಗಡುವು ಮುಗಿದು ಎಷ್ಟೋ ಕಾಲವಾಗಿದೆ. 2006–07ರ ಎಲ್‌ಬಿಜೆಡ್ ಇಂದಿಗೂ ಬೇಡಿಕೆಯಲ್ಲಿದೆ. 2017ರಿಂದ ಬಂದ ಎಲ್5ಪಿ ನನ್ನ ದೃಷ್ಟಿಯಲ್ಲಿ ಆರ್‌ವಿ ಎಳೆಯುವವರಿಗೆ ಅತ್ಯುತ್ತಮ ಆಯ್ಕೆಗಳಲ್ಲೊಂದು.

ಈಗ ಎಲ್ಲಕ್ಕಿಂತ ದುಬಾರಿ ಅಕ್ಷರಗಳಿಗೆ ಬರೋಣ: ಸಿಪಿ4. ಬಾಷ್ ಕಂಪನಿಯ ಈ ಅಧಿಕ ಒತ್ತಡದ ಪಂಪು 2011ರಿಂದ ಫೋರ್ಡ್ 6.7ರಲ್ಲಿ, 2011ರಿಂದ 2016ರವರೆಗೆ ಡ್ಯೂರಾಮ್ಯಾಕ್ಸ್‌ನಲ್ಲಿ, 2019–20ರಲ್ಲಿ ರ‍್ಯಾಮ್‌ನ ಕಮಿನ್ಸ್‌ನಲ್ಲಿ ಬಂತು. ಅದರೊಳಗಿನ ಭಾಗಗಳಿಗೆ ನಯ ಕೊಡುವುದು ಡೀಸೆಲ್ಲೇ. ಅಮೆರಿಕದ ಡೀಸೆಲ್ ಮಾನದಂಡ ನಯದ ಪರೀಕ್ಷೆಯಲ್ಲಿ 520 ಮೈಕ್ರಾನ್‌ವರೆಗಿನ ಸವೆತದ ಗುರುತನ್ನು ಒಪ್ಪುತ್ತದೆ. ಯುರೋಪಿನದು 460ಕ್ಕೆ ನಿಲ್ಲುತ್ತದೆ. ಅಂದರೆ ಅಮೆರಿಕದ ಡೀಸೆಲ್ಲಿನಲ್ಲಿ ನಯ ಕಡಿಮೆ ಇರಬಹುದು. ಒಳಗಿನ ರೋಲರ್ ಉರುಳದೆ ಉಜ್ಜತೊಡಗಿದರೆ ಲೋಹದ ಪುಡಿ ಇಂಜೆಕ್ಟರಿನವರೆಗೂ ಹರಡುತ್ತದೆ. ಆಗ ಪಂಪು, ಇಂಜೆಕ್ಟರ್‌ಗಳು, ಪೈಪುಗಳು ಎಲ್ಲವನ್ನೂ ಬದಲಿಸಬೇಕು, ಟ್ಯಾಂಕ್ ತೊಳೆಯಬೇಕು. ಬಿಲ್ಲು 10,000 ಡಾಲರ್ ಆಸುಪಾಸಿಗೆ ಹೋಗುತ್ತದೆ. ‘ಇಂಧನದಲ್ಲಿ ಕಲಬೆರಕೆ’ ಎಂದು ವಾರಂಟಿ ನಿರಾಕರಿಸಿದ ದೂರುಗಳು ನ್ಯಾಯಾಲಯದ ಮೆಟ್ಟಿಲನ್ನೂ ಏರಿವೆ. ರ‍್ಯಾಮ್ 2021ರಲ್ಲಿ ತನ್ನ ಟ್ರಕ್‌ಗಳನ್ನು ಮರಳಿ ಕರೆಸಿ ಹಳೆಯ ಸಿಪಿ3 ಪಂಪು ಹಾಕಿಕೊಟ್ಟಿತು. ಎಲ್ಲ ಸಿಪಿ4 ಪಂಪುಗಳೂ ಕೆಡುತ್ತವೆ ಎಂದಲ್ಲ. ಆದರೆ ಅದಿರುವ ಟ್ರಕ್ ಕೊಂಡರೆ, ಪಂಪು ಕೆಟ್ಟಾಗ ಪುಡಿಯನ್ನು ಇಂಜೆಕ್ಟರಿಗೆ ಬಿಡದೆ ಟ್ಯಾಂಕಿಗೆ ತಿರುಗಿಸುವ ಕಿಟ್ ಹಾಕಿಸಿ. ಅದಕ್ಕೆ ತಗಲುವುದು ಕೆಲವು ನೂರು ಡಾಲರ್. ಡೀಸೆಲ್ ತುಂಬಿಸಿದ ರಸೀದಿಗಳನ್ನೂ ಎತ್ತಿಡಿ. ವಾರಂಟಿಯ ವಾದಕ್ಕೆ ಅವೇ ಸಾಕ್ಷಿ.

4. ಹೊಗೆಯ ವ್ಯವಸ್ಥೆಯನ್ನು ಅರಿತು ಓಡಿಸಿ

2007ರಿಂದ ಡೀಸೆಲ್ ಟ್ರಕ್‌ಗಳಿಗೆ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಬಂತು. ಕೆಲವು ವರ್ಷಗಳ ನಂತರ ಡಿಇಎಫ್ ಸೇರಿಕೊಂಡಿತು. ಶೇ 32.5 ಯೂರಿಯಾ ಇರುವ, ನಮ್ಮ ಬಿಎಸ್-6 ಲಾರಿಗಳಿಗೂ ಹಾಕುವ ಅದೇ ದ್ರವ. ಮೈನಸ್ 11 ಡಿಗ್ರಿ ಸೆಲ್ಸಿಯಸ್‌ಗೆ ಅದು ಹೆಪ್ಪುಗಟ್ಟುವುದರಿಂದ ಟ್ಯಾಂಕಿನಲ್ಲಿ ಹೀಟರ್ ಇರುತ್ತದೆ. ಆ ಹೀಟರ್, ಪಂಪು, ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡ್ ಅಳೆಯುವ ನಾಕ್ಸ್ ಸೆನ್ಸರ್‌ಗಳೇ ಪದೇ ಪದೇ ಕೆಡುವ ಭಾಗಗಳು. ಒಂದೊಂದಕ್ಕೂ ಕೆಲವು ನೂರರಿಂದ ಸಾವಿರ, ಒಂದೂವರೆ ಸಾವಿರ ಡಾಲರ್‌ವರೆಗೆ ಆಗಬಹುದು. ದೋಷ ಸರಿಪಡಿಸದಿದ್ದರೆ ಟ್ರಕ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಈ ಮಿತಿಯನ್ನು ಸಡಿಲಿಸುವ ಮಾರ್ಗಸೂಚಿಯನ್ನು ಅಮೆರಿಕದ ಪರಿಸರ ಸಂಸ್ಥೆಯಾದ ಇಪಿಎ 2025ರ ಆಗಸ್ಟ್‌ನಲ್ಲಿ ಹೊರಡಿಸಿತು.

ಸಮಾಧಾನದ ಸಂಗತಿ ಏನೆಂದರೆ ಟ್ರೇಲರ್ ಎಳೆಯುವುದು ಡಿಪಿಎಫ್‌ಗೆ ಒಳ್ಳೆಯದು. ಭಾರ ಎಳೆಯುವಾಗ ಹೊಗೆ ಕಾದು ಮಸಿ ತಾನಾಗಿ ಸುಡುತ್ತದೆ. ಕೆಡುಕಾಗುವುದು ಎರಡು ಮೈಲಿಯ ಓಡಾಟದಿಂದ, ಗಂಟೆಗಟ್ಟಲೆ ನಿಂತಲ್ಲೇ ಎಂಜಿನ್ ಓಡಿಸುವುದರಿಂದ. ಟ್ರಕ್ ತನ್ನ ಫಿಲ್ಟರಿನ ಮಸಿ ಸುಡುತ್ತಿರುವಾಗ ಎಂಜಿನ್ ನಿಲ್ಲಿಸದೆ ಇನ್ನೊಂದಿಷ್ಟು ದೂರ ಹೆದ್ದಾರಿಯಲ್ಲಿ ಓಡಿಸಿ. ಎಕ್ಸಾಸ್ಟ್ ಬ್ರೇಕನ್ನು ಆಗಾಗ ಬಳಸಿ. ಟರ್ಬೊ ಒಳಗಿನ ರೆಕ್ಕೆಗಳು ಮಸಿ ಹಿಡಿದು ಅಂಟಿಕೊಳ್ಳುವುದು ತಪ್ಪುತ್ತದೆ.

ಈ ವ್ಯವಸ್ಥೆಯನ್ನೇ ಕಿತ್ತುಹಾಕಿದರೆ ತೊಂದರೆ ಮುಗಿಯಿತು ಎನ್ನುವವರು ಸಿಗುತ್ತಾರೆ. ಅದು ಅಲ್ಲಿನ ಶುದ್ಧ ಗಾಳಿ ಕಾಯ್ದೆಗೆ ವಿರುದ್ಧ, ವಾರಂಟಿಗೂ ಕೊಡಲಿ ಪೆಟ್ಟು. ನಾವು ಹೋಗುವುದೇ ಕಾಡು, ಬೆಟ್ಟಗಳ ಶುದ್ಧ ಗಾಳಿಗಾಗಿ. ಅಲ್ಲಿ ಕಪ್ಪು ಹೊಗೆ ಕಾರುವ ಹಕ್ಕು ಯಾರಿಗೂ ಇಲ್ಲ. ಹೀಗೆ ಕಿತ್ತುಹಾಕಿದ ಹಳೆಯ ಟ್ರಕ್ಕನ್ನು ಕೊಳ್ಳಲೇಬೇಡಿ.

5. ಹಳೆಯ ಟ್ರಕ್ ಕೊಳ್ಳುವಾಗ

ವಾಹನದ ಗುರುತಾದ 17 ಅಕ್ಷರಗಳ ವಿಐಎನ್ ಸಂಖ್ಯೆಯನ್ನು ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆಯಾದ ಎನ್‌ಎಚ್‌ಟಿಎಸ್‌ಎ ಜಾಲತಾಣದಲ್ಲಿ ಹಾಕಿ, ಬಾಕಿ ಉಳಿದಿರುವ ರೀಕಾಲ್ (ಕಂಪನಿಯೇ ಮರಳಿ ಕರೆಸಿ ಮಾಡುವ ರಿಪೇರಿ) ಇದೆಯೇ ನೋಡಿ. ಇದ್ದರೆ ಡೀಲರ್ ಅದನ್ನು ಉಚಿತವಾಗಿ ಮಾಡಿಕೊಡಬೇಕು. ಓಡೋಮೀಟರಿನ ಜೊತೆಗೆ ಎಂಜಿನ್ ಗಂಟೆಗಳನ್ನೂ ಓದಿ: ಮೈಲಿಯನ್ನು ಗಂಟೆಯಿಂದ ಭಾಗಿಸಿದಾಗ 20ಕ್ಕಿಂತ ಕಡಿಮೆ ಬಂದರೆ ಟ್ರಕ್ಕಿನ ಎಂಜಿನ್ ನಿಂತಲ್ಲೇ ಹೆಚ್ಚು ಓಡಿದೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಮಿಷಿಗನ್, ಒಹಾಯೊ, ನ್ಯೂಯಾರ್ಕ್ ಕಡೆಯ ಟ್ರಕ್ಕಾದರೆ ಕೆಳಗೆ ಮಲಗಿ ಚಾಸಿಯ ತುಕ್ಕು ನೋಡಿ. ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ; ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬನ್ನಿ. ಡೀಸೆಲ್ ಮಾತ್ರ ನೋಡುವ ಸ್ವತಂತ್ರ ಮೆಕ್ಯಾನಿಕ್ ಒಬ್ಬರಿಂದ ಸ್ಕ್ಯಾನ್ ಮಾಡಿಸಿ, ಆಯಿಲ್ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ. ಅದರಲ್ಲಿ ಕೂಲಂಟ್ ಅಥವಾ ಲೋಹ ಕಂಡರೆ ಮಾತುಕತೆ ಅಲ್ಲಿಗೇ ಮುಗಿಸಿ.

6. ಹಣ ಬೇರೆ ಎತ್ತಿಡಿ

ಅಂದಾಜಿಗೆ ಕೆಲವು ಅಂಕಿಗಳು: ಟರ್ಬೊ ಬದಲಿಸಲು 3,000ದಿಂದ 5,000 ಡಾಲರ್, ಡಿಪಿಎಫ್‌ಗೂ ಹೆಚ್ಚುಕಡಿಮೆ ಅಷ್ಟೇ, ಗೇರ್‌ಬಾಕ್ಸ್ ಬಿಚ್ಚಿ ಕಟ್ಟಲು 5,000ಕ್ಕಿಂತ ಮೇಲೆ. ಊರು, ಗ್ಯಾರೇಜು ನೋಡಿ ಏರುಪೇರು ಇದ್ದೇ ಇರುತ್ತದೆ. ಮೂರೂ ಕಂಪನಿಗಳು ಡೀಸೆಲ್ ಎಂಜಿನ್ನಿಗೆ ಐದು ವರ್ಷ ಅಥವಾ 1,00,000 ಮೈಲಿಯ ವಾರಂಟಿ ಕೊಡುತ್ತಾ ಬಂದಿವೆ. ಅದು ಮುಗಿದ ದಿನದಿಂದ ಓಡಿದ ಪ್ರತಿ ಮೈಲಿಗೆ 15 ಸೆಂಟ್‌ನಂತೆ ಬೇರೆ ಖಾತೆಗೆ ಹಾಕಿ. ವರ್ಷಕ್ಕೆ 10,000 ಮೈಲಿ ಓಡಿದರೆ 1,500 ಡಾಲರ್ ಸೇರುತ್ತದೆ.

ನಿತ್ಯದ ಸೇವೆಯಲ್ಲಿ ಇಂಧನ ಫಿಲ್ಟರನ್ನು ಕಡೆಗಣಿಸಬೇಡಿ. ಕಂಪನಿ ಹೇಳಿದ ಅವಧಿಗಿಂತ ಮೊದಲೇ ಬದಲಿಸಿ, ಕಂಪನಿಯದ್ದೇ ಹಾಕಿಸಿ. ನೀರು ಬೇರ್ಪಡಿಸುವ ಬಟ್ಟಲನ್ನು ಆಗಾಗ ಬರಿದು ಮಾಡಿ; ‘ಇಂಧನದಲ್ಲಿ ನೀರು’ ದೀಪ ಹೊತ್ತಿದರೆ ಮುಂದಿನ ಊರಿನವರೆಗೆ ಕಾಯಬೇಡಿ. ಗೇರ್‌ಬಾಕ್ಸ್ ದ್ರವವನ್ನು ‘ಭಾರೀ ಬಳಕೆ’ ವೇಳಾಪಟ್ಟಿಯಂತೆ ಬದಲಿಸಿ, ಏಕೆಂದರೆ ಟ್ರೇಲರ್ ಎಳೆಯುವುದೇ ಭಾರೀ ಬಳಕೆ.

7. ದಾರಿಯಲ್ಲಿ ಮೂರು ಎಚ್ಚರ

ಹಲವು ಬಂಕುಗಳಲ್ಲಿ ಡೀಸೆಲ್ ನಳಿಕೆಯ ಹಿಡಿ ಹಸಿರು. ಆದರೆ ಬಿಪಿ ಬಂಕುಗಳಲ್ಲಿ ಪೆಟ್ರೋಲಿನದೇ ಹಸಿರು. ಬಣ್ಣ ನಂಬದೆ ಬರಹ ಓದಿ. ಡಿಇಎಫ್ ಮುಚ್ಚಳ ನೀಲಿ ಬಣ್ಣದ್ದು, ಡೀಸೆಲ್ ಮುಚ್ಚಳದ ಪಕ್ಕದಲ್ಲೇ ಇರುವುದುಂಟು. ತಪ್ಪಾಗಿ ಹಾಕಿದ್ದು ಗೊತ್ತಾದರೆ ಕೀಲಿ ತಿರುಗಿಸದೆ, ಟ್ರಕ್ಕನ್ನು ಎಳೆಸಿಕೊಂಡು ಹೋಗಿ ಟ್ಯಾಂಕ್ ಖಾಲಿ ಮಾಡಿಸಿ. ಕೀಲಿ ತಿರುಗಿಸಿದರೆ ಸಾಕು, ಪಂಪು ಅದನ್ನು ಒಳಗೆಳೆದುಕೊಳ್ಳುತ್ತದೆ.

ಕೊನೆಯದು, ಹೊರಡುವ ಮೊದಲು ರಸ್ತೆ ನೆರವಿನ ಒಪ್ಪಂದವನ್ನು ಓದಿ. ಸಾಮಾನ್ಯ ಕಾರಿನ ಒಪ್ಪಂದ ಟ್ರಕ್ಕನ್ನು ಮಾತ್ರ ಎತ್ತಿಕೊಂಡು ಹೋಗಿ ಟ್ರೇಲರನ್ನು ಹೆದ್ದಾರಿಯ ಅಂಚಿನಲ್ಲೇ ಬಿಡಬಹುದು. ಟ್ರೇಲರಿಗೂ ಅನ್ವಯಿಸುತ್ತದೆಯೇ, ಎಷ್ಟು ಮೈಲಿಯವರೆಗೆ ಎಳೆಯುತ್ತಾರೆ, ಒಂದು ಟನ್ ಟ್ರಕ್ಕನ್ನು ಎತ್ತುವ ವಾಹನ ಅವರ ಬಳಿ ಇದೆಯೇ ಎಂಬ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆದು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿಡಿ.