ಬಣ್ಣ ಹಚ್ಚಿದ ಬಾಯಿಂದ ಪೆನ್ನಿಗೆ

ನಾನು ಬರೆಯಲು ಕಲಿತಿದ್ದು ಬೇರೆಯವರು ಬರೆದ ಮಾತನ್ನು ಬಾಯಿಪಾಠ ಮಾಡಿ. ಇರುವುದು ಬಳ್ಳಾರಿಯಲ್ಲಿ. ಸುಗ್ಗಿ ಮುಗಿದರೆ ಸಿರುಗುಪ್ಪ, ಸಿಂಧನೂರು, ಗಂಗಾವತಿ ಕಡೆಯ ಹಳ್ಳಿಗಳಲ್ಲಿ ಜಾತ್ರೆ ನಾಟಕ. ಈ ಭಾಗದವರಿಗೆ ಗೊತ್ತಿರುತ್ತದೆ: ಹೀರೋ, ವಿಲನ್ ಎಲ್ಲ ಊರಿನ ಹುಡುಗರೇ, ಮಾಸ್ತರ ಹಾರ್ಮೋನಿಯಂ ಮುಂದೆ ಕೂತು ತಾಲೀಮು ಮಾಡಿರುತ್ತಾರೆ. ಹೆಣ್ಣು ಪಾತ್ರದವರು ಮಾತ್ರ ನನ್ನಂತೆ ಹೊರಗಿನವರು. ಬಸ್ಸಿಳಿದು, ಒಂದು ಸಲ ಮಾತು ಹೊಂದಿಸಿಕೊಂಡು, ರಾತ್ರಿ ಬಣ್ಣ ಹಚ್ಚುವುದು.

ಹೀಗೆ ಆಡುತ್ತಾ ಆಡುತ್ತಾ ಯಾವ ಮಾತು ಬಾಯಲ್ಲಿ ಕೂರುವುದಿಲ್ಲ ಅಂತ ತಾನಾಗಿ ಗೊತ್ತಾಗುತ್ತದೆ. ಅರ್ಧ ಪುಟದ ಸಂಭಾಷಣೆ ಇರುತ್ತದೆ, ಉಸಿರು ಎಳೆದುಕೊಳ್ಳಲು ಜಾಗವೇ ಇರುವುದಿಲ್ಲ. ಇನ್ನು ರಸ್ತೆ ಸೀನು. ಮುಂದೆ ರಸ್ತೆ ಪರದೆ ಬಿಟ್ಟು ಹಾಸ್ಯದವರು ಮಾತಾಡುತ್ತಿದ್ದರೆ ಹಿಂದೆ ಮನೆ ಸೀನು ಹೊಂದಿಸುತ್ತಿರುತ್ತಾರೆ. ಹಿಂದಿನವರು ರೆಡಿ ಆಗುವ ತನಕ ಮಾತು ಎಳೆಯಬೇಕು, ಆದರೆ ಎಳೆದಿದ್ದು ಜನಕ್ಕೆ ಕಾಣಬಾರದು. ಸೀನಿನ ಉದ್ದ ಎಷ್ಟಿರಬೇಕು ಅಂತ ನಾನು ಕಲಿತದ್ದು ಅಲ್ಲಿಯೇ.

ಹೆಸರಾಂತ ರಂಗನಟ ಬಳ್ಳಾರಿ ರಾಘವರು ತೀರಿಕೊಂಡಿದ್ದು 1946ರಲ್ಲಿ. ಹೆಣ್ಣು ಪಾತ್ರವನ್ನು ಹೆಣ್ಣುಮಕ್ಕಳೇ ಮಾಡಲಿ ಅಂತ ಆ ಕಾಲದಲ್ಲೇ ಬೆನ್ನಿಗೆ ನಿಂತವರು ಅವರು. ಆಡುವವರೇನೋ ಹೆಂಗಸರಾದರು, ಬರೆಯುವವರು ಮಾತ್ರ ಹೆಚ್ಚಾಗಿ ಗಂಡಸರೇ ಉಳಿದರು. ನಮ್ಮೂರಿನ ಸುಭದ್ರಮ್ಮ ಮನ್ಸೂರು 'ರಕ್ತರಾತ್ರಿ' ನಾಟಕದ ದ್ರೌಪದಿಯಾಗಿ ಹೆಸರು ಮಾಡಿದವರು. ಆ ದ್ರೌಪದಿಗೆ ಸಿಟ್ಟು ಇದೆ. ನಾನು ಆಡುತ್ತಿದ್ದ ಸಾಮಾಜಿಕ ನಾಟಕದ ಹೆಂಡತಿಗೆ ಬರೀ ಕಣ್ಣೀರು! ಒಮ್ಮೆ ತಾಲೀಮಿನಲ್ಲಿ ಗೊಣಗಿದೆ. ಮಾಸ್ತರು ಹಾರ್ಮೋನಿಯಂ ನಿಲ್ಲಿಸಿ, "ಅಷ್ಟು ಬಾಯಿ ಮಾಡ್ತಿ, ನೀನ ಒಂದು ಬರಿ ನೋಡೋಣವ್ವಾ" ಅಂದರು.

ಬರೆದೆ. ಒಂದು ಸೀನಿನಲ್ಲಿ ಗಂಡ ಹೆಂಡತಿಯ ತಾಳಿ ಒತ್ತೆ ಇಟ್ಟು ಮನೆಗೆ ಬರುತ್ತಾನೆ. ಹಳೇ ಪದ್ಧತಿಯಲ್ಲಿ "ನನ್ನ ಬಾಳಿನ ಬೆಳಕನ್ನೇ ಆರಿಸಿಬಿಟ್ಟಿರಾ" ಅಂತ ಶುರುವಾಗಿ ಒಂದು ಪುಟ ಗೋಳು ಇರಬೇಕು. ನಾನು ಅವಳ ಬಾಯಲ್ಲಿ ಇಟ್ಟಿದ್ದು ಒಂದೇ ಮಾತು: "ಉಣ್ಣಾಕ ಹಾಕ್ಲೇನು?" ಹೀರೋ ಆಗಿದ್ದ ಹುಡುಗನಿಗೆ ಇದೇನು ಮಾತು ಅನ್ನಿಸಿತ್ತು. ಆಟದ ದಿನ ನಾನು ತಟ್ಟೆ ಹಿಡಿದು ಹಾಗೆ ಕೇಳಿದ್ದೇ ತಡ, ಹೆಂಗಸರ ಕಡೆಯಿಂದ ಒಬ್ಬಜ್ಜಿ "ಹಾಕಬ್ಯಾಡ ಬೇ ಅವನಿಗೆ!" ಅಂತ ಕೂಗಿದಳು.

ಆ ನಾಟಕ ನೋಡಿದ್ದ ಒಬ್ಬರಿಂದ ಸೀರಿಯಲ್ ಕೆಲಸ ಬಂತು. ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದೆ. ಅಲ್ಲಿ ಕಥೆ ಒಬ್ಬರದು, ಚಿತ್ರಕಥೆ ಇನ್ನೊಬ್ಬರದು, ನನ್ನದು ಸಂಭಾಷಣೆ ಮಾತ್ರ. ಅರ್ಧ ಗಂಟೆಯ ಕಂತಿನಲ್ಲಿ ಜಾಹೀರಾತು ಕಳೆದರೆ ಉಳಿಯುವುದು ಸುಮಾರು 22 ನಿಮಿಷ. ಪ್ರತಿ ಬ್ರೇಕಿನ ಮುಂಚೆ ಏನಾದರೂ ಒಂದು ಕೊಕ್ಕೆ ಬೇಕು. ನಾಟಕದಲ್ಲಿ ಕೊನೇ ಸಾಲಿನವನಿಗೂ ಕೇಳುವಂತೆ ಬರೆಯಬೇಕು, ಇಲ್ಲಿ ಕ್ಯಾಮೆರಾ ಮುಖದ ಹತ್ತಿರವೇ ಇರುತ್ತದೆ, ಅರ್ಧ ಮಾತು ಕಣ್ಣೇ ಆಡುತ್ತದೆ. ಬರೆದ ಮೇಲೆ ಪ್ರತಿ ಮಾತಿನ ಕೊನೇ ವಾಕ್ಯ ಹೊಡೆದುಹಾಕಿ ನೋಡುತ್ತೇನೆ. ಬಹಳ ಸಲ ಅದು ಬೇಕಾಗಿರುವುದಿಲ್ಲ. ಗುರುವಾರ ಟಿಆರ್‌ಪಿ ಬಂತೆಂದರೆ ಕಥೆಯೇ ತಿರುಗಬಹುದು, ಅದಕ್ಕೆ ಬೇಜಾರು ಮಾಡಿಕೊಳ್ಳುವುದನ್ನು ಬಿಟ್ಟಿದ್ದೇನೆ.

ಬೇಜಾರಾಗುವುದು ಭಾಷೆಯ ವಿಷಯಕ್ಕೆ. ನಮ್ಮ ಕಡೆ ಮಾತು ಅಂದರೆ ಅಡುಗೆಯವಳಿಗೆ, ವಾಚ್‌ಮನ್‌ಗೆ ಅಂತ ಸೀರಿಯಲ್‌ನವರ ಲೆಕ್ಕ. ಧಾರವಾಡ, ಬಳ್ಳಾರಿ, ರಾಯಚೂರು ಎಲ್ಲಾ ಒಂದೇ ಅವರಿಗೆ. ಒಂದು ಸಲ ಡಾಕ್ಟರ್ ಪಾತ್ರಕ್ಕೆ ಬಳ್ಳಾರಿ ಮಾತು ಬರೆದು ಕಳಿಸಿದರೆ, "ಮೇಡಂ, ಕಾಮಿಡಿ ಆಗುತ್ತೆ" ಅಂದರು. ನಮ್ಮಲ್ಲಿ ಡಾಕ್ಟರುಗಳೇ ಇಲ್ವಾ ಅಂತ ಕೇಳಿದೆ. ಎರಡು ಸೀನು ಉಳಿಯಿತು, ಮೂರನೆಯದರಲ್ಲಿ ಅವಳು ಬೆಂಗಳೂರಿನವಳಾದಳು.

ಈಗ ಮನೆಯಿಂದಲೇ ಬರೆದು ಮೊಬೈಲಿನಲ್ಲಿ ಕಳಿಸುತ್ತೇನೆ. ಟೈಟಲ್‌ನಲ್ಲಿ ಹೆಸರು, ಕಂತಿಗೆ ಇಷ್ಟು ಅಂತ ದುಡ್ಡು, ಎರಡನ್ನೂ ಮೊದಲೇ ಕಾಗದದ ಮೇಲೆ ಬರೆಸಿಕೊಂಡಿದ್ದೇನೆ. ಜಾತ್ರೆ ಸೀಸನ್ ಬಂದರೆ ನಾಟಕ ಬಿಟ್ಟಿಲ್ಲ. ಸಂಭಾಷಣೆ ಸರಿ ಬರದಿದ್ದರೆ ಅಡುಗೆಮನೆಯಲ್ಲಿ ನಿಂತು ಜೋರಾಗಿ ಆಡಿಯೇ ನೋಡುತ್ತೇನೆ, ಪಕ್ಕದ ಮನೆಯವರು ಜಗಳ ಅಂತ ಒಂದೆರಡು ಸಲ ಓಡಿಬಂದಿದ್ದೂ ಉಂಟು.